ಬುವಾ ಅವರ ಬಲಗೈ, ಅಣ್ಣನ ಕಾಗದ

ಚಾಮರಾಜಪೇಟೆ, ಹೊರಡುವ ದಿನ

ಚಟ್ನಿಪುಡಿ ಡಬ್ಬಿಯನ್ನು ಪುಸ್ತಕದ ಪಕ್ಕ ಇಡಬಾರದು ಎನ್ನುವಷ್ಟು ಬುದ್ಧಿ ನನಗಿತ್ತು. ಆದರೆ ಸೂಟ್‌ಕೇಸಿನಲ್ಲಿ ಬೇರೆ ಜಾಗ ಇರಲಿಲ್ಲ. ಅಮ್ಮ ತಾನೇ ತರಗುಪೇಟೆಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ, ಕಡಲೆಬೇಳೆ, ಒಣಕೊಬ್ಬರಿ ತಂದು, ಎರಡು ದಿನ ಹುರಿದು ಪುಡಿ ಮಾಡಿ, ಆರು ವಾರದ ಪ್ರಯಾಣಕ್ಕೆ ಆರು ತಿಂಗಳಿಗಾಗುವಷ್ಟು ತುಂಬಿದ್ದಳು.

"ಆ ದೇಶದಲ್ಲಿ ಹುಳಹುಪ್ಪಟೆ ಎಲ್ಲಾ ತಿಂತಾರಂತೆ. ಇದೊಂದಿದ್ರೆ ಅನ್ನಕ್ಕೆ ಕಲಸ್ಕೊಂಡು ಹೇಗೋ ಬದುಕ್ಕೋತೀಯ" ಎಂದಳು.

ನಾನು ಹೋಗುತ್ತಿದ್ದುದು ಥಾಯ್ಲೆಂಡಿನ ಉತ್ತರದ ಒಂದು ಊರಿಗೆ. ಅಲ್ಲಿನ ವೈದ್ಯಕೀಯ ಕಾಲೇಜು ಹೊರದೇಶದ ವಿದ್ಯಾರ್ಥಿಗಳಿಗೆ ಆರು ವಾರದ ವಿಶೇಷ ತರಬೇತಿ ಕೊಡುತ್ತದೆ. ದಾನವಾಗಿ ಬಂದ ದೇಹಗಳ ಮೇಲೆ ಶಸ್ತ್ರಚಿಕಿತ್ಸೆಯ ಕೈಚಳಕ ಕಲಿಯುವುದು, ಜೊತೆಗೆ ಒಂದು ಸಣ್ಣ ಸಂಶೋಧನೆ. ಎಂಬಿಬಿಎಸ್ ಕೊನೆಯ ಪರೀಕ್ಷೆ ಬರೆದು ಹೌಸ್‌ಸರ್ಜನ್ ಕೆಲಸಕ್ಕೆ ಕಾಯುತ್ತಿದ್ದ ನನಗೆ ಈ ಅವಕಾಶ ಸಿಕ್ಕಿದ್ದಕ್ಕೆ ನಮ್ಮ ಬೀದಿಯ ಅರ್ಧ ಜನ ಮನೆಗೆ ಬಂದು ಕಾಫಿ ಕುಡಿದು ಹೋದರು. ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದವರಿಗೆ ಅಮ್ಮ "ಆಪರೇಷನ್ನು" ಎಂದಷ್ಟೇ ಹೇಳಿದಳು. ಹೆಣ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಹೊರಡುವಾಗ ಹಣೆಗೆ ಕುಂಕುಮ ಇಟ್ಟು, ಹಾಲ್‌ನಲ್ಲಿದ್ದ ಅಣ್ಣನ ಫೋಟೋಗೆ ನಮಸ್ಕಾರ ಮಾಡಿಸಿದಳು. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎನ್ನುತ್ತೇವೆ. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ಅವರು ಹೋಗಿ ನಾಲ್ಕು ವರ್ಷವಾಗುತ್ತಾ ಬಂತು.

"ಇದ್ದಿದ್ರೆ ಏರ್‌ಪೋರ್ಟ್ ತನಕ ಬರೋರು. ನಿನ್ನ ಓದಿಗೋಸ್ಕರ ಏನೇನೋ ಆಸೆ ಇಟ್ಕೊಂಡಿದ್ರು. ಪಾಪ, ಕೊನೇಲಿ ಭಯ ಬಿದ್ದುಬಿಟ್ರು" ಎಂದು ಅಮ್ಮ ಫೋಟೋದ ಗಾಜನ್ನು ಸೆರಗಿನಲ್ಲಿ ಒರೆಸಿದಳು.

ಈ ಮಾತನ್ನು ಅಮ್ಮ ಪ್ರತಿ ವರ್ಷ ತಿಥಿಯ ದಿನ ಹೇಳುತ್ತಾಳೆ. ಪ್ರತಿ ಸಲವೂ ನಾನು ನೆಲ ನೋಡುತ್ತೇನೆ. ಅವತ್ತೂ ನೆಲ ನೋಡಿ, ಸೂಟ್‌ಕೇಸ್ ಎಳೆದುಕೊಂಡು ಆಟೋ ಹತ್ತಿದೆ.

ಬ್ಯಾಂಕಾಕ್, ಕಸ್ಟಮ್ಸ್ ಕೌಂಟರ್

ಸಾಲಿನಲ್ಲಿದ್ದ ಅಷ್ಟೂ ಸೂಟ್‌ಕೇಸುಗಳಲ್ಲಿ ಅವರಿಗೆ ಬೇಕಾದದ್ದು ನನ್ನದೇ. ಮುಚ್ಚಳ ತೆರೆದದ್ದೇ ತಡ, ಇಡೀ ಕೌಂಟರಿಗೆ ನಮ್ಮ ಅಡುಗೆಮನೆಯ ವಾಸನೆ ಬಡಿಯಿತು. ಡಬ್ಬಿ ಬಾಯಿ ಬಿಟ್ಟಿತ್ತು. ಚಿಕ್ಕಪೇಟೆಯಲ್ಲಿ ಕೊಂಡ ಹೊಸ ಕುರ್ತಾಗಳೆಲ್ಲ ಹೋಳಿ ಆಡಿ ಬಂದಂತಿದ್ದವು. ಅಧಿಕಾರಿ ಹೆಂಗಸು ಎರಡು ಸಲ ಸೀನಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು "ಫುಡ್, ಫುಡ್" ಎಂದು ಬೆರಳಲ್ಲಿ ಪುಡಿ ಅದ್ದಿ ನೆಕ್ಕಿ ತೋರಿಸಿದೆ. ಅವಳಿಗೆ ನಗು ಬಂತು.

ನಗುತ್ತಲೇ ಅವಳು ನನ್ನ ಅಂಗರಚನಾ ಶಾಸ್ತ್ರದ ದಪ್ಪ ಪುಸ್ತಕ ಎತ್ತಿ ಕೊಡವಿದಳು. ಒಳಗಿನಿಂದ ಮಡಿಸಿದ ಕಾಗದವೊಂದು ಬಿತ್ತು. ಅವಳು ಅದನ್ನು ಎತ್ತಿಕೊಂಡು, ಮೇಲಿದ್ದ ಪುಡಿಯನ್ನು ಉಫ್ ಎಂದು ಊದಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಆ ದೇಶದಲ್ಲಿ ಏನನ್ನು ಕೊಡುವುದಾದರೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಬಿಡಿಸಿ ನೋಡಿದರೆ ಅಣ್ಣನ ರುಜುವಿನ ಮೇಲೆ ಎಣ್ಣೆಗೆಂಪು ಹರಡಿತ್ತು.

ಆ ಕಾಗದದ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಮೊದಲ ವರ್ಷ ಕಾಲೇಜಿನಲ್ಲಿ ನಮ್ಮ ಟೇಬಲ್ಲಿಗೆ ಬಂದ ದೇಹಕ್ಕೆ ನಾವು 'ಗುಂಡಣ್ಣ' ಎಂದು ಹೆಸರಿಟ್ಟಿದ್ದೆವು. ಹೆಸರಿಟ್ಟವಳು ನಾನೇ. ಮೊದಲ ದಿನ ಎಲ್ಲರೂ ಸಾಲಾಗಿ ನಿಂತು, ಈ ದೇಹವನ್ನು ಗೌರವದಿಂದ ಕಾಣುತ್ತೇವೆ ಎಂದು ಪ್ರತಿಜ್ಞೆ ಓದಿದ್ದೆವು. ಮೂರನೇ ವಾರಕ್ಕೆ ಅದು ಮರೆತು ಹೋಗಿತ್ತು. ಭಯಕ್ಕೋ, ಫಾರ್ಮಾಲಿನ್ ವಾಸನೆಗೋ, ಹದಿನೆಂಟರ ಹರೆಯಕ್ಕೋ, ನಾವು ನಗುತ್ತಿದ್ದೆವು. ಒಬ್ಬ ಗುಂಡಣ್ಣನ ತಲೆಗೆ ಟೋಪಿ ಇಟ್ಟಿದ್ದ. ನಾನು ಅದನ್ನೆಲ್ಲ ಊಟದ ಹೊತ್ತಿನಲ್ಲಿ ಮನೆಯಲ್ಲಿ ಅಭಿನಯಿಸಿ ತೋರಿಸಿದೆ. ಅಮ್ಮ "ಊಟ ಮಾಡೋವಾಗ ಥೂ" ಎಂದು ಬೈದಳು. ಅಣ್ಣ ನಗಲಿಲ್ಲ.

"ಅವರ ನಿಜವಾದ ಹೆಸರೇನು?"

"ಗೊತ್ತಿಲ್ಲ ಅಣ್ಣ. ನಂಬರ್ ಇರತ್ತೆ ಅಷ್ಟೇ."

ಒಂದು ವಾರ ಕಳೆದು ಅಣ್ಣ ದೇಹದಾನದ ಫಾರ್ಮ್ ತುಂಬಿಕೊಂಡು ಕೂತಿದ್ದರು. "ನನ್ನ ಮಗಳು ಕಲಿಯೋಕೆ ಯಾರೋ ಪುಣ್ಯಾತ್ಮರು ಮಲಗಿದಾರಲ್ಲ, ಇನ್ನೊಬ್ಬರ ಮಗಳಿಗೆ ನಾನು ಮಲಗ್ತೀನಿ" ಎಂದರು. ಅಮ್ಮ ಮೂರು ದಿನ ಅತ್ತು, ನಾಲ್ಕನೇ ದಿನ ಸಾಕ್ಷಿಯ ಜಾಗದಲ್ಲಿ ರುಜು ಹಾಕಿದಳು. ಎರಡನೇ ಸಾಕ್ಷಿ ನಾನು. ಅಣ್ಣ ಕಾಗದವನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಕಾಲೇಜಲ್ಲೇ ಕೊಟ್ಬಿಡು. ನಾನ್ಯಾಕೆ ಬಂದು ಕ್ಯೂ ನಿಲ್ಲಲಿ" ಎಂದರು.

ನಾನು ಕೊಡಲಿಲ್ಲ. ದಿನಾ ನಾಳೆ ಎಂದುಕೊಂಡೆ. ಆ ಕಾಗದ ಕೊಟ್ಟರೆ ಒಂದಲ್ಲ ಒಂದು ದಿನ ಯಾರೋ ಹುಡುಗಿ ನನ್ನ ಅಣ್ಣನಿಗೂ ಹೆಸರಿಡುತ್ತಾಳೆ, ಯಾರೋ ಟೋಪಿ ಇಡುತ್ತಾರೆ. ನಾವೇ ಮಾಡಿದ್ದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು? ಕಾಗದವನ್ನು ಪುಸ್ತಕದಲ್ಲಿಟ್ಟೆ.

ಮೂರೇ ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ, ಪೇಪರ್ ಓದುತ್ತಾ ಕೂತಿದ್ದ ಕುರ್ಚಿಯಲ್ಲೇ ಅಣ್ಣ ಹೋಗಿಬಿಟ್ಟರು. ನೆಂಟರೆಲ್ಲ ಸೇರಿದ ಮೇಲೆ ದೊಡ್ಡಪ್ಪ ಹಾಲ್ ನಡುವೆ ನಿಂತು ಕೇಳಿದರು: "ದೇಹ ದಾನ ಮಾಡ್ತೀನಿ ಅಂತ ಏನೋ ಫಾರ್ಮ್ ಕೊಟ್ಟಿದ್ನಲ್ಲ ಇವನು? ಕಾಲೇಜಿಗೆ ಫೋನ್ ಮಾಡ್ಬೇಕಲ್ವೇನಮ್ಮ?"

ಅಮ್ಮ ನನ್ನ ಮುಖ ನೋಡಿದಳು. ನಾನು ಹೇಳಿದೆ: "ಇಲ್ಲ ದೊಡ್ಡಪ್ಪ. ಅಣ್ಣ ಆಮೇಲೆ ಬೇಡ ಅಂದ್ರು. ವಾಪಸ್ ಇಸ್ಕೊಂಡು ಹರಿದು ಹಾಕಿದ್ರು."

ಮಧ್ಯಾಹ್ನದ ಹೊತ್ತಿಗೆ ದಹನ ಮುಗಿದಿತ್ತು. ಅಂದಿನಿಂದ ಅಮ್ಮನ ಲೆಕ್ಕದಲ್ಲಿ ಅಣ್ಣ ಆಡಿದ ಮಾತಿಗೆ ಹೆದರಿ ಹಿಂದೆ ಸರಿದವರು. ಅವಳು ಅವರನ್ನು ಬೈಯುವುದಿಲ್ಲ, ಕನಿಕರ ಪಡುತ್ತಾಳೆ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈ ಪ್ರಯಾಣದಿಂದ ವಾಪಸ್ ಹೋಗುವಷ್ಟರಲ್ಲಿ ಅವಳಿಗೆ ನಿಜ ಹೇಳುವ ಧೈರ್ಯ ತಂದುಕೊಳ್ಳಬೇಕು ಎಂದುಕೊಂಡೇ ಆ ಪುಸ್ತಕವನ್ನು ಜೊತೆಗೆ ತಂದಿದ್ದೆ.

ಮೊದಲ ವಾರ, ಗುಡ್ಡದ ಕೆಳಗಿನ ಊರು

ನಾನಿದ್ದ ಮನೆಯ ಅಂಗಳದಲ್ಲಿ ಒಂದು ಕಂಬ, ಕಂಬದ ಮೇಲೆ ಗೊಂಬೆಮನೆಯಂಥ ಪುಟ್ಟ ಗುಡಿ. ಪುಡಿ ಮೆತ್ತಿದ ಕುರ್ತಾಗಳನ್ನು ಒಗೆದು ಒಣಹಾಕಲು ಹಗ್ಗ ಕಾಣದೆ, ಒಂದನ್ನು ಆ ಕಂಬದ ಕಟಾಂಜನಕ್ಕೆ ಹರವಿದೆ. ಮನೆಯೊಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಆ ಜಾಗವನ್ನು ಕಾಯುವ ದೈವ ಅದರಲ್ಲಿ ವಾಸವಾಗಿದೆಯಂತೆ. ದಿನಾ ಬೆಳಿಗ್ಗೆ ಅದರ ಮುಂದೆ ಹೂವು, ಸ್ಟ್ರಾ ಹಾಕಿದ ಕೆಂಪು ಸೋಡಾ ಬಾಟಲಿ ಇಡುತ್ತಾರೆ. ನಾನು ದೈವದ ಮೂಗಿನ ಮುಂದೆ ಒದ್ದೆ ಬಟ್ಟೆ ನೇತುಹಾಕಿದ್ದೆ. ನಮ್ಮ ತುಳಸಿಕಟ್ಟೆಯ ಮೇಲೆ ಯಾರಾದರೂ ಪ್ಯಾಂಟು ಒಣಹಾಕಿದ್ದರೆ ಅಮ್ಮ ಏನು ಮಾಡುತ್ತಿದ್ದಳು ಎಂದು ನೆನೆದು ನಡುಗಿದೆ. ಈ ಹೆಂಗಸು ಮಾತ್ರ ನನ್ನ ಕೈಗೆ ಒಂದು ಬಾಟಲಿ ಸೋಡಾ ಕೊಟ್ಟು, ನನ್ನಿಂದಲೇ ಇಡಿಸಿ, ದೈವಕ್ಕೆ ನನ್ನ ಪರವಾಗಿ ಏನೋ ಸಮಜಾಯಿಷಿ ಹೇಳಿ ಒಳಗೆ ಹೋದಳು.

ಊಟದ ಪಾಡು ಬೇರೆ. ಸೊಪ್ಪಿನ ಪಲ್ಯ ಎಂದು ಸಂತೋಷಪಟ್ಟು ತಿಂದದ್ದರಲ್ಲಿ ಮೀನಿನ ರಸ ಇತ್ತು. ಅದು ಅವರಿಗೆ ನಮ್ಮ ಉಪ್ಪಿದ್ದಂತೆ. "ಮೀನಿಲ್ಲ, ಮೀನಿನ ನೀರು ಅಷ್ಟೇ" ಎಂದು ಅಂಗಡಿಯವನು ನನ್ನನ್ನು ಸಮಾಧಾನ ಮಾಡಿದ. ಸೂಟ್‌ಕೇಸಿನ ಮೂಲೆಮೂಲೆಯಿಂದ ಬಳಿದು ಕೂಡಿಸಿದ ಚಟ್ನಿಪುಡಿಯೇ ನನ್ನನ್ನು ಕಾಪಾಡಿತು. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ "ನಾನ್ ಹೇಳ್ಲಿಲ್ವಾ?" ಎಂದು ಗೆದ್ದವಳ ಹಾಗೆ ನಕ್ಕಳು. ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಕುಕ್ಕರ್ ಕೂಗಿತು, ಅಮ್ಮ ಫೋನ್ ಇಟ್ಟಳು. ಕುಕ್ಕರ್ ಕೂಗದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ನನಗೇ ನಂಬಿಕೆಯಿಲ್ಲ.

ಮೂರನೇ ಮಹಡಿ

ಆ ಕಾಲೇಜಿನಲ್ಲಿ ದೇಹಗಳಿರುವ ಕೋಣೆ ಮೂರನೇ ಮಹಡಿಯಲ್ಲಿದೆ. ದೊಡ್ಡ ಕಿಟಕಿಗಳು, ಹೊರಗೆ ಗುಡ್ಡ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿನ ಬೇರೆ ಜೋಡು ಹಾಕಿಕೊಳ್ಳಬೇಕು. ಪ್ರತಿ ಟೇಬಲ್ಲಿನ ತಲೆಯ ಬಳಿ ಮಲ್ಲಿಗೆಯ ಪುಟ್ಟ ಹಾರ. ಗಾಂಧಿಬಜಾರಿನಲ್ಲಿ ಬೆಳಿಗ್ಗೆ ಹೊತ್ತು ಬೀಸುವ ವಾಸನೆಯೇ ಅಲ್ಲೂ ಇತ್ತು. ನನ್ನ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು.

ವಿದ್ಯಾರ್ಥಿಗಳು ನೆಲದ ಮೇಲೆ ಮಂಡಿಯೂರಿ, ಟೇಬಲ್ಲಿನ ಕಡೆಗೆ ಕೈಮುಗಿದು, ಹಣೆ ತಗ್ಗಿಸಿದರು. ಅವರು ಹೆಣ ಎನ್ನುವುದಿಲ್ಲ. 'ಆಚಾನ್ ಯೈ' ಎನ್ನುತ್ತಾರೆ. ದೊಡ್ಡ ಗುರು ಎಂದರ್ಥ. ಅವರ ಶಾಲೆಗಳಲ್ಲಿ ಹೆಡ್‌ಮಾಸ್ಟರನ್ನೂ ಹಾಗೇ ಕರೆಯುತ್ತಿದ್ದರಂತೆ. ಡ್ರಾಯಿಂಗ್ ಮೇಷ್ಟರನ್ನು ಯಾವ ಊರಲ್ಲೂ ಹೆಡ್‌ಮಾಸ್ಟರ್ ಮಾಡುವುದಿಲ್ಲ. ಅಣ್ಣನಿಗೆ ಆ ಗೌರವ ಸಿಗಬಹುದಾಗಿದ್ದ ಒಂದೇ ದಾರಿಯನ್ನು ನಾನು ಮುಚ್ಚಿದ್ದೆ.

ನನ್ನ ಜೊತೆಗಾತಿಯ ಹೆಸರು ಪ್ಲೋಯ್. ಅದೇ ಕಾಲೇಜಿನ ಕೊನೆಯ ವರ್ಷದ ಹುಡುಗಿ, ಮಾತು ಕಡಿಮೆ, ನಗು ಜಾಸ್ತಿ. ನಮ್ಮಿಬ್ಬರ ಮಾತು ಹರುಕುಮುರುಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಮ್ಮ ಟೇಬಲ್ಲಿನ ಮೇಲಿದ್ದ ಕಾರ್ಡನ್ನು ಅವಳು ಓದಿ ಹೇಳಿದಳು. ಹೆಸರು ಬುವಾ. ವಯಸ್ಸು ಎಪ್ಪತ್ತೊಂದು. ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದವರು. ಬದುಕಿದ್ದಾಗಲೇ ಅವರು ವಿದ್ಯಾರ್ಥಿಗಳಿಗೆಂದು ಬರೆಸಿಟ್ಟಿದ್ದ ಒಂದು ಮಾತೂ ಅದರಲ್ಲಿತ್ತು: "ನಾನು ಅಳತೆ ತೆಗೆಯದೆ ಒಂದು ಬಟ್ಟೆಗೂ ಕತ್ತರಿ ಹಾಕಲಿಲ್ಲ. ನೀವೂ ಹಾಕಬೇಡಿ, ಮಕ್ಕಳೇ."

ಎರಡನೇ ದಿನ ನನ್ನ ನಿಜಬಣ್ಣ ಬಯಲಾಯಿತು. ಕುತ್ತಿಗೆಯ ಬಲಭಾಗ ಕಾಣಬೇಕಿತ್ತು. ನಾನು ಗಲ್ಲ ಹಿಡಿದು ಬುವಾ ಅವರ ತಲೆಯನ್ನು ಫಕ್ಕನೆ ಆ ಕಡೆ ತಿರುಗಿಸಿದೆ. ಗುಂಡಣ್ಣನ ಮೇಲೆ ನೂರು ಸಲ ಮಾಡಿದ್ದು, ಕೈಗೆ ರೂಢಿಯಾಗಿತ್ತು. ಟೇಬಲ್ಲಿನ ಸುತ್ತ ಇದ್ದ ಐದು ಜೊತೆ ಕೈಗಳೂ ಗಾಳಿಯಲ್ಲಿ ನಿಂತುಬಿಟ್ಟವು. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡ.

ಪ್ಲೋಯ್ ಚಾಕು ಕೆಳಗಿಟ್ಟು, ಕೈಮುಗಿದು, ಮೆಲ್ಲಗೆ "ಖೋ ಥೋತ್ ಖಾ, ಆಚಾನ್" ಎಂದಳು. ತಪ್ಪಾಯಿತು ಗುರುಗಳೇ ಎಂದು. ನನ್ನ ಪರವಾಗಿ. ಆಮೇಲೆ ತಲೆಯ ಕೆಳಗೆ ಅಂಗೈ ತೂರಿಸಿ, ಎಣ್ಣೆ ನೀರು ಹಾಕುವಾಗ ಮಗುವಿನ ತಲೆ ಹಿಡಿಯುವಂತೆ ಹಿಡಿದು ಸರಿಯಾಗಿ ಇಟ್ಟಳು.

"ನಮ್ಮಲ್ಲಿ ತಲೆ ಮುಟ್ಟೋಕೆ ಮುಂಚೆ ಕೇಳ್ತೀವಿ" ಎಂದಳು, ಅಷ್ಟೇ.

ಯಾರೂ ಬೈಯಲಿಲ್ಲ. ನಾನು ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಬುವಾ ಅವರಿಗಾಗಿ ಅಳಲಿಲ್ಲ. ಗುಂಡಣ್ಣನಿಗಾಗಿ ಅತ್ತೆ. ಅವರಿಗೂ ಒಂದು ಹೆಸರಿತ್ತು, ಅದನ್ನು ಕೇಳಿದ್ದು ಇಡೀ ಬೆಂಗಳೂರಿನಲ್ಲಿ ನಮ್ಮ ಅಣ್ಣ ಒಬ್ಬರೇ.

ನಾಲ್ಕನೇ ವಾರ, ಬಲಗೈ

ನನ್ನ ಸಂಶೋಧನೆಯ ವಿಷಯ ಒಂದು ಸಣ್ಣ ನರ. ಮಣಿಕಟ್ಟು ದಾಟಿ ಅಂಗೈಗೆ ಬರುವ ದೊಡ್ಡ ನರದಿಂದ ಹೆಬ್ಬೆರಳಿಗೆ ಒಂದು ಕವಲು ಹೋಗುತ್ತದೆ. ಒಬ್ಬೊಬ್ಬರಲ್ಲಿ ಅದು ಒಂದೊಂದು ಕಡೆ ಒಡೆಯುತ್ತದೆ. ಮಣಿಕಟ್ಟಿನ ಆಪರೇಷನ್ ಮಾಡುವಾಗ ಅರಿಯದೆ ಅದನ್ನು ಕತ್ತರಿಸಿದರೆ ಆ ಮನುಷ್ಯ ಲೋಟ ಹಿಡಿಯಲೂ ಒದ್ದಾಡಬೇಕು. ಅದು ಎಲ್ಲಿ ಒಡೆಯುತ್ತದೆ ಎಂದು ನಲವತ್ತು ಕೈಗಳಲ್ಲಿ ಅಳೆದು ಬರೆಯುವುದು ನನ್ನ ಕೆಲಸ. ಕೈಗಳನ್ನು ನೋಡುತ್ತಾ ನೋಡುತ್ತಾ ನನಗೆ ಅಣ್ಣನ ಹೆಬ್ಬೆರಳಿನ ಸಂದಿಯಲ್ಲಿ ಸದಾ ಇರುತ್ತಿದ್ದ ಬಣ್ಣದ ಸೀಮೆಸುಣ್ಣ ನೆನಪಾಗುತ್ತಿತ್ತು.

ಬುವಾ ಅವರ ಬಲಗೈಯನ್ನು ಬಿಡಿಸುವ ದಿನ ನಾನು ಕೇಳಿಯೇ ಮುಟ್ಟಿದೆ. ಕನ್ನಡದಲ್ಲೇ ಕೇಳಿದೆ. "ಅಮ್ಮಾ, ಕೈ ನೋಡ್ಲಾ?" ಏನು ಹೇಳಿದೆ ಎಂದು ಪ್ಲೋಯ್ ವಿಚಾರಿಸಲಿಲ್ಲ.

ಹೆಬ್ಬೆರಳಿನ ಬುಡದ ಮಾಂಸ ಬತ್ತಿ ಹೋಗಿತ್ತು. ಮಣಿಕಟ್ಟಿಗೆ ಅಡ್ಡಲಾಗಿರುವ ಪಟ್ಟಿ ದಪ್ಪಗೆ, ಗಟ್ಟಿಯಾಗಿ, ಹಳೇ ಬೆಲ್ಟಿನ ಹಾಗಿತ್ತು. ಅದನ್ನು ಬಿಡಿಸಿದಾಗ ಕೆಳಗೆ ನರ ಸಿಕ್ಕಿತು. ದುಂಡಗಿರಬೇಕಾದ್ದು ಆ ಜಾಗದಲ್ಲಿ ಚಪ್ಪಟೆಯಾಗಿ ನುಲಿದಿತ್ತು. ವರ್ಷಗಟ್ಟಲೆ ಒತ್ತಿಹೋದ ನರ. ಇಂಥವರಿಗೆ ಬೆಳಗಿನ ಜಾವ ಬೆರಳು ಮರಗಟ್ಟಿ, ಉರಿದು, ಎಚ್ಚರವಾಗುತ್ತದೆ. ಎದ್ದು ಕೂತು ಕೈ ಒದರುತ್ತಾರೆ. ಇಷ್ಟು ನೋವಿಟ್ಟುಕೊಂಡು ಈ ತಾಯಿ ಊರ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದಿದ್ದರು.

ನಾನು ಅಳತೆ ಬರೆದುಕೊಂಡೆ. ಅವರೇ ಹೇಳಿದಂತೆ, ಮೊದಲು ಅಳೆದು.

ಕೊನೆಯ ವಾರ, ಗಂಧದ ಹೂವು

ತರಬೇತಿ ಮುಗಿಯುವ ವಾರಕ್ಕೇ ದೊಡ್ಡ ಗುರುಗಳ ಸಾಮೂಹಿಕ ಅಂತ್ಯಕ್ರಿಯೆ ಇತ್ತು. ವಿದ್ಯಾರ್ಥಿಗಳು ತೆರೆದ ಅಷ್ಟೂ ಜಾಗಗಳನ್ನು ತಾವೇ ಹೊಲಿದು, ಬಿಳಿ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿದರು. ಬಲಗೈ ಹೊಲಿದದ್ದು ನಾನು. ದರ್ಜಿಯ ಕೈ ಎಂದು ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಹಿಂದಿನ ದಿನ ಮಧ್ಯಾಹ್ನ ಮನೆಯವರಿಗೆ ಬಂದು ನೋಡಲು ಅವಕಾಶವಿತ್ತು.

ಬುವಾ ಅವರ ಗಂಡ ಒಬ್ಬರೇ ಬಂದರು. ಸಣಕಲು ಮುದುಕರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದಿಂದ ಒಂದು ಜೊತೆ ಉಲ್ಲನ್ ಕಾಲುಚೀಲ ತೆಗೆದು, ಅವಳಿಗೆ ಕಾಲು ತಣ್ಣಗಾದರೆ ನಿದ್ದೆ ಬರುವುದಿಲ್ಲ ಎಂದರು. ಪ್ಲೋಯ್ ಒಂದು ಕಾಲಿಗೆ, ನಾನೊಂದು ಕಾಲಿಗೆ ತೊಡಿಸಿದೆವು. ಆಮೇಲೆ ಅವರು ಯಾರು ಯಾರು ಏನೇನು ಕಲಿತಿರಿ ಎಂದು ಕೇಳಿದರು. ಪ್ಲೋಯ್ ನನ್ನತ್ತ ತೋರಿಸಿ, ಇವಳು ಬಲಗೈ ಓದಿದಳು ಎಂದಳು.

ಮುದುಕರು ನನ್ನ ಹತ್ತಿರ ಬಂದರು. ಅವರು ಹೇಳಿದ್ದನ್ನು ಪ್ಲೋಯ್ ತುಂಡು ತುಂಡಾಗಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು.

"ದಿನಾ ಬೆಳಗಿನ ಜಾವ ಎದ್ದು ಕೂತು ಕೈ ಒದರೋಳು. ಉರೀತದೆ ಅನ್ನೋಳು. ಡಾಕ್ಟರ ಹತ್ರ ಹೋದ್ರೆ ಹೊಲಿಗೆ ಬಿಡು ಅಂತಾರೆ ಅಂತ ಹೋಗ್ಲಿಲ್ಲ. ನಾನು ನಂಬಲಿಲ್ಲ. ಕೆಲಸ ಬೇಜಾರಾದಾಗೆಲ್ಲ ನಿಂಗೆ ಕೈ ನೋಯುತ್ತೆ ಅಂತ ಹಂಗಿಸ್ತಿದ್ದೆ."

ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಕೇಳಿದರು: "ನೀನು ಒಳಗಡೆ ನೋಡಿದೀಯಲ್ಲ. ನಿಜವಾಗ್ಲೂ ನೋವಿತ್ತಾ?"

ನಾನು ಅವರ ಬಲಗೈಯನ್ನು ತೆಗೆದುಕೊಂಡು, ಮಣಿಕಟ್ಟಿನ ಮೇಲೆ ಬೆರಳಿಟ್ಟು, "ಇಲ್ಲಿ. ನರ ಪೂರ್ತಿ ಒತ್ತಿಹೋಗಿತ್ತು. ತುಂಬಾ ನೋವಿತ್ತು" ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆ ಕೆಲಸ ಒಮ್ಮೆ ಮಾಡಿ ನೋಡಿದ್ದೆ.

ಅವರು ನನ್ನ ಬೆರಳಿದ್ದ ಜಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಹಾಗಾದ್ರೆ ಅವಳು ಸುಳ್ಳು ಹೇಳ್ತಿರಲಿಲ್ಲ" ಎಂದರು. ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಕಿವಿಯ ಬಳಿ ಬಹಳ ಹೊತ್ತು ಏನೋ ಮಾತಾಡಿದರು. ಅದನ್ನು ಪ್ಲೋಯ್ ನನಗೆ ಹೇಳಲಿಲ್ಲ.

ಮರುದಿನ ಭಿಕ್ಷುಗಳ ಪಠಣ ನಡೆಯುತ್ತಿದ್ದಂತೆ ನಾವೆಲ್ಲ ಸಾಲಾಗಿ ಹೋಗಿ, ತೆಳ್ಳಗೆ ಹೆರೆದ ಮರದಿಂದ ಮಾಡಿದ ಹೂವೊಂದನ್ನು ಪೆಟ್ಟಿಗೆಯ ಬಳಿ ಇಟ್ಟೆವು. ಗಂಧದ ಹೂವು ಎನ್ನುತ್ತಾರೆ ಅದಕ್ಕೆ. ಈಗ ಬೇರೆ ಮರದಲ್ಲೇ ಮಾಡುವುದು, ಮೂಸಿದರೆ ಗಂಧದ ವಾಸನೆ ಇಲ್ಲ. ಮುದುಕರು ಮಾತ್ರ ತಮ್ಮ ಹೂವನ್ನು ಬಲಗಡೆಗೇ, ಕೈ ಇರುವ ಕಡೆಗೇ ಇಟ್ಟರು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಪ್ಲೋಯ್‌ಗೆ ಅಣ್ಣನ ವಿಷಯ ಹೇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅದು ನನ್ನ ಬಾಯಿಂದ ಹೊರಗೆ ಬಂತು, ಅದೂ ನನ್ನದಲ್ಲದ ಭಾಷೆಯಲ್ಲಿ. ಅವಳು ಆಶ್ಚರ್ಯಪಡಲಿಲ್ಲ.

"ಇಲ್ಲೂ ಹಾಗೆ ಮಾಡೋರಿದಾರೆ. ನಮ್ಮ ಅಜ್ಜಿ ಬರೆದುಕೊಟ್ಟಿದ್ದನ್ನ ನಮ್ಮ ಅತ್ತೆ ಬಚ್ಚಿಟ್ಟಳು. ನಾವೇನು ದೇವರಲ್ಲ. ನಾವೂ ನಗ್ತೀವಿ, ಕೋಣೆಯಿಂದ ಹೊರಗೆ ಹೋಗಿ ನಗ್ತೀವಿ ಅಷ್ಟೇ. ಅಮ್ಮಂಗೆ ಹೇಳಿದೀಯಾ?"

"ಇಲ್ಲ."

ನನಗೆ ಮುದುಕರ ಮುಖವೇ ಕಣ್ಣಿಗೆ ಕಟ್ಟಿತ್ತು. ಹೆಂಡತಿಯನ್ನು ತಪ್ಪು ತಿಳಿದಿದ್ದ ಆ ಮನುಷ್ಯನಿಗೆ ನಿಜ ಹೇಳಲು ಕೊನೆಗೆ ಒಂದು ಕೈಯಾದರೂ ಉಳಿದಿತ್ತು. ನನ್ನ ಅಮ್ಮನಿಗೆ ಉಳಿದಿದ್ದುದು ನಾನೊಬ್ಬಳೇ.

ಮತ್ತೆ ಚಾಮರಾಜಪೇಟೆ

ಬಂದ ಸಂಜೆ ಅಮ್ಮ ಹಾಲ್‌ನಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಬಟ್ಟೆ ಬದಲಾಯಿಸದೆ, ಕಾಫಿ ಕುಡಿಯದೆ, ಪುಸ್ತಕ ತೆಗೆದು ಕಾಗದವನ್ನು ಅವಳ ಮುಂದೆ ಹಿಡಿದೆ. ಅಭ್ಯಾಸ ಬಲದಿಂದ ಎರಡೂ ಕೈಯಲ್ಲಿ ಹಿಡಿದಿದ್ದೆ.

ಅಮ್ಮ ಮೊದಲು ಮೂಸಿದಳು. "ನನ್ನ ಚಟ್ನಿಪುಡಿ ವಾಸ್ನೆ. ಏನೇ ಇದು?"

ಬಿಡಿಸಿ ನೋಡಿದಳು. ಅಣ್ಣನ ರುಜು, ಅದರ ಕೆಳಗೆ ತನ್ನದೇ ರುಜು, ನನ್ನದು. ಬಹಳ ಹೊತ್ತು ನೋಡಿದಳು.

"ಇದನ್ನ ಅವರು ಹರಿದು ಹಾಕಿದ್ರು ಅಂದಿದ್ಯಲ್ಲ?"

"ಸುಳ್ಳು ಹೇಳಿದ್ದೆ ಅಮ್ಮ. ಅಣ್ಣ ಕೇಳೇ ಇಲ್ಲ ವಾಪಸ್. ನಾನೇ ಕಾಲೇಜಿಗೆ ಕೊಡಲಿಲ್ಲ."

"ಅವತ್ತು ದೊಡ್ಡಪ್ಪ ಕೇಳಿದಾಗ ಎಲ್ಲಿತ್ತು?"

"ನನ್ನ ರೂಮಲ್ಲೇ."

ಯಾಕೆ ಹಾಗೆ ಮಾಡಿದೆ ಎಂದು ಹೇಳತೊಡಗಿದೆ. ಗುಂಡಣ್ಣ, ಟೋಪಿ, ಎಲ್ಲ. ಅಮ್ಮ ಕೈಯೆತ್ತಿ ಸಾಕು ಎಂದಳು. ಅರ್ಧ ಕಟ್ಟಿದ ಹೂವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಮೂರು ದಿನ ಅವಳು ನನ್ನ ತಟ್ಟೆಗೆ ಬಡಿಸಿದಳು, ಬಟ್ಟೆ ಮಡಿಸಿಟ್ಟಳು, ಮಾತಾಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಅಣ್ಣನ ಫೋಟೋ ಕೆಳಗಿಳಿಸಿ ಗಾಜು ಒರೆಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ನಾಲ್ಕು ವರ್ಷ ಅವರನ್ನ ಪುಕ್ಕಲು ಅಂದ್ಕೊಂಡು ಬದುಕಿದೆನಲ್ಲೇ. ತಿಥಿ ದಿನ ಎಲ್ಲರ ಮುಂದೆ ಹೇಳ್ತಿದ್ದೆ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೋತಿದ್ದೆ."

ನಾನು ಅವಳ ಕಾಲ ಹತ್ತಿರ ಕೂತೆ. ಅವಳು ನನ್ನ ತಲೆ ಮುಟ್ಟಲಿಲ್ಲ.

"ಅವರ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡೆ. ನನ್ನ ಪಾಲಿಂದು ನಾನು ಕೇಳ್ಕೊಂಡಿದೀನಿ. ನಿಂದು ನೀನೇ ಕೇಳ್ಕೋ" ಎಂದಳು. ಆಮೇಲೆ, "ನಂಗೊಂದು ಫಾರ್ಮ್ ತಂದ್ಕೊಡು. ಅವರು ಆಡಿದ ಮಾತು ಈ ಮನೇಲಿ ಒಬ್ರಾದ್ರೂ ನಡೆಸ್ಬೇಕು" ಎಂದಳು.

ತಂದುಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ದುಂಡಗೆ ತುಂಬಿದಳು. ಸಾಕ್ಷಿಯ ಜಾಗ ಬಂದಾಗ ನಾನು ಪೆನ್ನಿಗೆ ಕೈ ಚಾಚಿದೆ.

"ನೀನು ಬೇಡ" ಎಂದಳು.

ದೊಡ್ಡಪ್ಪ ಬಂದು ರುಜು ಹಾಕಿದರು. ಎರಡನೆಯದು ಮಹಡಿ ಮನೆಯ ಟೀಚರದ್ದು. ಮರುದಿನ ಕಾಲೇಜಿಗೆ ನಾನೂ ಜೊತೆಗೆ ಹೋದೆ. ಗೇಟಿನ ಬಳಿ ಅಮ್ಮ ನಿಂತು, "ನೀನು ಇಲ್ಲೇ ಇರು" ಎಂದು ಒಬ್ಬಳೇ ಒಳಗೆ ಹೋದಳು. ಕಿಟಕಿಯ ಮುಂದಿನ ಸಾಲಿನಲ್ಲಿ, ಬಿಸಿಲಿನಲ್ಲಿ, ಸೆರಗು ತಲೆಗೆ ಹೊದ್ದು ಅವಳು ನಿಂತಿದ್ದು ನನಗೆ ಕಾಣುತ್ತಿತ್ತು. ತಾವ್ಯಾಕೆ ನಿಲ್ಲಬೇಕು ಎಂದು ಅಣ್ಣ ನನಗೆ ಬಿಟ್ಟುಕೊಟ್ಟಿದ್ದ ಕ್ಯೂ ಅದೇ.

ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಳು. ಸೀಲು ಹಾಕಿದ ರಶೀದಿಯನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದಳು. ನಾನು ಓದಿ ಮುಗಿಸುವವರೆಗೂ ಹಿಡಿದೇ ಇದ್ದಳು. ಆಮೇಲೆ ಮಡಿಸಿ ತನ್ನ ಪರ್ಸಿನಲ್ಲಿಟ್ಟುಕೊಂಡಳು. ನನ್ನ ಕೈಗೆ ಕೊಡಲಿಲ್ಲ.